ಜಾನ್ ಹ್ಯಾಮಂಡ್ (ಪ್ರಾಣಿ ಶರೀರವಿಜ್ಞಾನಿ)

ಸರ್ ಜಾನ್ ಹ್ಯಾಮಂಡ್ (23 ಫೆಬ್ರುವರಿ 1889 – 25 ಆಗಸ್ಟ್ 1964) ಇಂಗ್ಲೆಂಡಿನ ಪ್ರಾಣಿ ಶರೀರವಿಜ್ಞಾನಿ. ಹಸುವಿನ ಸಂತಾನೋತ್ಪತ್ತಿಯ ವೈಜ್ಞಾನಿಕ ಅಧ್ಯಯನಕ್ಕೆ ಅಡಿಪಾಯ ಹಾಕಿದವರಲ್ಲಿ ಇವರು ಪ್ರಮುಖರು.

ಜನನ ಮತ್ತು ವಿದ್ಯಾಭ್ಯಾಸ

ಹ್ಯಾಮಂಡ್ ನಾರ್ಫಕ್ ಪ್ರಾಂತ್ಯದ ಬ್ರಿಸ್ಟನ್ ಗ್ರಾಮದ ರೈತ ಕುಟುಂಬದಲ್ಲಿ ಜನಿಸಿದರು. ಕೇಂಬ್ರಿಡ್ಜಿನ ಡೌನಿಂಗ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. ಸಂತಾನೋತ್ಪತ್ತಿ ಶರೀರವಿಜ್ಞಾನದ ಪ್ರವರ್ತಕರಾದ ಎಫ್. ಎಚ್. ಎ. ಮಾರ್ಷಲ್ ಅವರ ಪ್ರಭಾವಕ್ಕೆ ಒಳಗಾಗಿ ಅದೇ ಕ್ಷೇತ್ರವನ್ನು ಆರಿಸಿಕೊಂಡರು. ಮೊದಲನೆಯ ಮಹಾಯುದ್ಧದಲ್ಲಿ ಸೈನ್ಯದಲ್ಲಿ ಸೇವೆ ಸಲ್ಲಿಸಿ, ಅನಂತರ ಕೇಂಬ್ರಿಡ್ಜಿಗೆ ಮರಳಿದರು.

ಸಂಶೋಧನೆ

1927ರಲ್ಲಿ ಹಸುವಿನ ಸಂತಾನೋತ್ಪತ್ತಿಯನ್ನು ಕುರಿತ ಇವರ ಗ್ರಂಥ ಪ್ರಕಟವಾಯಿತು. ಹಸುವು ಸುಮಾರು 21 ದಿನಗಳಿಗೊಮ್ಮೆ ಬೆದೆಗೆ ಬರುತ್ತದೆ. ಅಂಡವು ಹೊರಬಿದ್ದ ಸ್ಥಳದಲ್ಲಿ ರೂಪುಗೊಳ್ಳುವ ಪೀತಪಿಂಡವು ಇರುವವರೆಗೆ ಮುಂದಿನ ಬೆದೆ ತಡೆಯಲ್ಪಡುತ್ತದೆ. ಅದನ್ನು ತೆಗೆದರೆ ಕೆಲವೇ ದಿನಗಳಲ್ಲಿ ಬೆದೆ ಕಾಣಿಸಿಕೊಳ್ಳುತ್ತದೆ. ಈ ತಡೆಗೆ ಕಾರಣ ಪೀತಪಿಂಡವು ಸ್ರವಿಸುವ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು. ಇಂದು ಹಲವು ಹಸುಗಳನ್ನು ಒಂದೇ ಸಮಯಕ್ಕೆ ಬೆದೆಗೆ ತರಲು ನೀಡುವ ಪ್ರೊಜೆಸ್ಟೆರಾನ್ ಹಾಗೂ ಪ್ರೊಸ್ಟಗ್ಲಾಂಡಿನ್ ಚಿಕಿತ್ಸೆಗಳು ಇದೇ ತತ್ತ್ವವನ್ನು ಅವಲಂಬಿಸಿವೆ.

1938ರಲ್ಲಿ ಆರ್ಥರ್ ವಾಲ್ಟನ್ ಅವರೊಡನೆ ಶೈರ್ ಮತ್ತು ಶೆಟ್ಲೆಂಡ್ ಕುದುರೆಗಳ ಸಂಕರದ ಫಲಿತಾಂಶವನ್ನು ಪ್ರಕಟಿಸಿ, ಮರಿಯ ಜನನಕಾಲದ ಗಾತ್ರವನ್ನು ತಾಯಿಯ ಗಾತ್ರವು ಮಿತಗೊಳಿಸುತ್ತದೆಂದು ತೋರಿಸಿದರು. ಬ್ರಿಟನ್ನಿನಲ್ಲಿ ಕೃತಕ ಗರ್ಭಧಾರಣೆಯ ಪ್ರಸಾರಕ್ಕೂ ಶ್ರಮಿಸಿದರು.

ಭಾರತ ಮತ್ತು ಕರ್ನಾಟಕದಲ್ಲಿ ಪ್ರಸ್ತುತತೆ

ಭಾರತದಲ್ಲಿ ಜಾನುವಾರುಗಳ ಕೃತಕ ಗರ್ಭಧಾರಣೆಯನ್ನು 1939ರಲ್ಲಿ ಮೈಸೂರಿನ ಅರಮನೆ ಡೈರಿ ಫಾರ್ಮಿನಲ್ಲಿ ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳ ಮೇಲೆ ಮೊದಲು ನಡೆಸಿದರು. ಈ ವಿಧಾನದ ಯಶಸ್ಸು ಬೆದೆಯ ಸಮಯವನ್ನು ಸರಿಯಾಗಿ ಗುರುತಿಸುವುದನ್ನೇ ಅವಲಂಬಿಸಿದೆ.

ಕರು ಮೊಲೆಯುಣ್ಣುತ್ತಿರುವಾಗ ಹಸುವಿನ ಮಿದುಳಿನಿಂದ ಅಂಡಾಶಯಕ್ಕೆ ತಲುಪಬೇಕಾದ ಹಾರ್ಮೋನು ಪ್ರಚೋದನೆ ಕುಗ್ಗುತ್ತದೆ. ಮೇವಿನ ಕೊರತೆಯೂ ಸೇರಿದರೆ ಬೆದೆ ಮತ್ತಷ್ಟು ತಡವಾಗುತ್ತದೆ. ಗರ್ಭಾವಧಿ ಸುಮಾರು 280 ದಿನಗಳಾದ್ದರಿಂದ, ವರ್ಷಕ್ಕೊಂದು ಕರು ಬೇಕೆಂದರೆ ಈದ 85 ದಿನಗಳೊಳಗೆ ಹಸು ಗಬ್ಬವಾಗಬೇಕು. ಖಿಲ್ಲಾರಿ ಮತ್ತು ಕೃಷ್ಣಾ ಕಣಿವೆ ತಳಿಗಳ ನೆಲೆಯಾದ ಮುಳವಾಡ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಸೀಮೆಯಲ್ಲಿ ಹೋರಿಗರು ಉಳುಮೆಯ ಎತ್ತಾಗಿ ಬೆಳೆಯುತ್ತದೆ. ಹಸು ಗಬ್ಬವಾಗುವುದು ತಡವಾದಷ್ಟೂ ರೈತನಿಗೆ ಮುಂದಿನ ಕರುವೂ ಮುಂದಿನ ಸೂಲಿನ ಹಾಲೂ ತಡವಾಗುತ್ತವೆ. ಮೇವಿನ ಖರ್ಚು ಮಾತ್ರ ನಿಲ್ಲುವುದಿಲ್ಲ.

ಗೌರವಗಳು ಮತ್ತು ನಿಧನ

1933ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು. 1960ರಲ್ಲಿ ಇವರಿಗೆ ಸರ್ ಪದವಿ ದೊರೆಯಿತು. 1964ರಲ್ಲಿ, ತಮ್ಮ 75ನೆಯ ವಯಸ್ಸಿನಲ್ಲಿ ನಿಧನರಾದರು.