ಕೋಳಿಗೆ ಲಸಿಕೆ ಕಂಡುಹಿಡಿದ ಲೂಯಿ ಪಾಶ್ಚರ್

ಈ ಸಲದ ಭಿತ್ತಿಪತ್ರಿಕೆಗೆ ನಾನು ವಿಜ್ಞಾನಿ ಲೂಯಿ ಪಾಶ್ಚರ್ ಅವರ ಜೀವನ ಬರೆಯುತ್ತಿದ್ದೇನೆ. ಇವರನ್ನೇ ಏಕೆ ಆರಿಸಿಕೊಂಡೆ ಅಂದರೆ ಅದಕ್ಕೆ ನಮ್ಮ ಮನೆ ಕೋಳಿಗಳೇ ಕಾರಣ.

ಹೋದ ಬೇಸಿಗೆಯಲ್ಲಿ ನಮ್ಮ ಮನೇಲಿ ಹನ್ನೆರಡು ನಾಟಿ ಕೋಳಿ ಇದ್ದವು. ಕುಣಿಗಲ್ ಕಡೆಯ ಚಿಕ್ಕಮ್ಮನ ಊರಿಂದ ಒಂದು ಹುಂಜ ತಂದು ಅವುಗಳ ಜೊತೆ ಬಿಟ್ಟೆವು. ವಾರಕ್ಕೆಲ್ಲಾ ಒಂದು ಹೇಟೆ ರೆಕ್ಕೆ ಇಳಿಬಿಟ್ಟು ತೂಕಡಿಸಿತು. ಹಸಿರು ಹಿಕ್ಕೆ ಹಾಕಿತು, ಕತ್ತು ತಿರುಚಿಕೊಂಡು ಬಿತ್ತು. ಆಮೇಲೆ ಒಂದಾದ ಮೇಲೆ ಒಂದು. ಅಜ್ಜಿ ಅರಿಶಿನ ಬೆಳ್ಳುಳ್ಳಿ ಅರೆದು ಕುಡಿಸಿದರು, ಏನೂ ನಡೀಲಿಲ್ಲ. ಉಳಿದದ್ದು ಮೂರು. ಕೋಳಿ ಮಾರಿ ನನ್ನ ಶಾಲಾ ಪ್ರವಾಸದ ದುಡ್ಡು ಕಟ್ಟಬೇಕೆಂದಿದ್ದರು, ಅದೂ ಹೋಯಿತು. ಅಪ್ಪ ಗುಬ್ಬಿಗೆ ಹೋಗಿ ದನದ ಡಾಕ್ಟರನ್ನು ಕೇಳಿದಾಗ ಅದು ಕೊಕ್ಕರೆ ರೋಗ, ಅಂದರೆ ರಾಣಿಖೇತ್ ರೋಗ, ವೈರಸ್‌ನಿಂದ ಬರುತ್ತದೆ, ಬಂದ ಮೇಲೆ ಔಷಧಿ ಇಲ್ಲ, ಬರುವ ಮುಂಚೆ ಲಸಿಕೆ ಹಾಕಿಸಬೇಕು ಎಂದು ತಿಳಿಯಿತು. ಕೋಳಿಗೂ ಲಸಿಕೆ ಉಂಟೇ ಎಂದು ನಾನು ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ಪಾಶ್ಚರ್ ಪುಸ್ತಕ ಕೊಟ್ಟರು.

ಲೂಯಿ ಪಾಶ್ಚರ್ ಅವರು 1822ನೇ ಇಸವಿ ಡಿಸೆಂಬರ್ 27ರಂದು ಫ್ರಾನ್ಸ್ ದೇಶದ ಡೋಲ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಚರ್ಮ ಹದ ಮಾಡುವ ಕೆಲಸದವರು. ಚಿಕ್ಕಂದಿನಲ್ಲಿ ಪಾಶ್ಚರ್ ಚೆನ್ನಾಗಿ ಚಿತ್ರ ಬರೆಯುತ್ತಿದ್ದರು. ಓದಲು ಪ್ಯಾರಿಸ್‌ಗೆ ಕಳಿಸಿದರೆ ಮನೆ ನೆನಪಾಗಿ ಇರಲಾರದೆ ವಾಪಸ್ ಬಂದುಬಿಟ್ಟರು. (ನಮ್ಮ ತರಗತಿಯಲ್ಲೂ ತುಮಕೂರಿನ ಹಾಸ್ಟೆಲಿನಿಂದ ಹಾಗೆ ಬಂದವರಿದ್ದಾರೆ, ಹೆಸರು ಬರೆಯುವುದಿಲ್ಲ.) ಒಂದು ಪರೀಕ್ಷೆಯಲ್ಲಿ ಇವರಿಗೆ ರಸಾಯನಶಾಸ್ತ್ರದಲ್ಲಿ ಸಾಧಾರಣ ಎಂದು ಬಂದಿತ್ತು. ಮುಂದೆ ಅದರಲ್ಲೇ ಪ್ರೊಫೆಸರ್ ಆದರು.

ದ್ರಾಕ್ಷಾರಸ ಹುಳಿಯಾಗುವುದಕ್ಕೆ ಕಣ್ಣಿಗೆ ಕಾಣದ ಜೀವಿಗಳು ಕಾರಣ, ಹದವಾಗಿ ಬಿಸಿ ಮಾಡಿದರೆ ಅವು ಸಾಯುತ್ತವೆ ಎಂದು ತೋರಿಸಿದರು. ಹಾಲಿನ ಪ್ಯಾಕೆಟ್ ಮೇಲೆ ಪಾಶ್ಚರೀಕರಿಸಿದ ಎಂದು ಇರುತ್ತದಲ್ಲ, ಅದು ಇವರ ಹೆಸರೇ. 1865ರಿಂದ ರೇಷ್ಮೆ ಹುಳುಗಳ ಗಂಟು ರೋಗದ ಮೇಲೆ ಕೆಲಸ ಮಾಡಿದರು. ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿದ್ದರೆ ಅದರ ಮೊಟ್ಟೆ ಎಸೆಯಬೇಕು ಎಂಬುದು ಇವರ ಉಪಾಯ. ಕುಣಿಗಲ್ ಕಡೆ ಬಿತ್ತನೆ ಗೂಡು ಬೆಳೆಯುತ್ತಾರೆ, ಬಿತ್ತನೆ ಕೋಠಿಗಳಲ್ಲಿ ಇವತ್ತಿಗೂ ಚಿಟ್ಟೆಯನ್ನು ಹೀಗೆಯೇ ಪರೀಕ್ಷಿಸುತ್ತಾರೆ.

ಆದರೆ ಅದೇ ಕಾಲ ಅವರಿಗೆ ಬಹಳ ಕಷ್ಟದ್ದು. ಐದು ಮಕ್ಕಳಲ್ಲಿ ಮೂವರು ಹೆಣ್ಣುಮಕ್ಕಳು 1859, 1865 ಮತ್ತು 1866ರಲ್ಲಿ ತೀರಿಕೊಂಡರು, ಇಬ್ಬರು ವಿಷಮಶೀತ ಜ್ವರದಿಂದ. 1868ರಲ್ಲಿ ಲಕ್ವ ಹೊಡೆದು ಇವರ ಎಡಗೈ ಎಡಗಾಲು ಸ್ವಾಧೀನ ತಪ್ಪಿತು. ಆಗ ವಯಸ್ಸು ನಲವತ್ತೈದು. ಕೋಳಿಗಳ ಕೆಲಸ ಮಾಡಿದ್ದು ಇದಾದ ಮೇಲೆ. ಓದುವಾಗ ನಾನು ಇಲ್ಲಿ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟಿದ್ದೆ.

ಫ್ರಾನ್ಸಿನಲ್ಲಿ ಆಗ ಕೋಳಿ ಕಾಲರಾ ಹಬ್ಬಿತ್ತು. ಇದು ನಮ್ಮ ಕೊಕ್ಕರೆ ರೋಗ ಅಲ್ಲ. ಇದು ಬ್ಯಾಕ್ಟೀರಿಯಾದಿಂದ ಬರುವುದು, ಆದರೆ ಇದೂ ಗೂಡಿಗೆ ಗೂಡೇ ಖಾಲಿ ಮಾಡುತ್ತದೆ. ತೂಸೆಂಟ್ ಎಂಬ ಪಶುವೈದ್ಯ ಪ್ರಾಧ್ಯಾಪಕರು ರೋಗದ ಮಾದರಿ ಕಳಿಸಿಕೊಟ್ಟರು. ಪಾಶ್ಚರ್ ಆ ಸೂಕ್ಷ್ಮಜೀವಿಯನ್ನು ಎಲ್ಲಿ ಬೆಳೆಸಿದರು ಗೊತ್ತೇ? ಕೋಳಿ ಸಾರಿನಲ್ಲಿ! ಹೊಸದಾಗಿ ಬೆಳೆಸಿದ ಸಾರನ್ನು ಚುಚ್ಚಿದರೆ ಕೋಳಿ ಒಂದೆರಡು ದಿನದಲ್ಲಿ ಸಾಯುತ್ತಿತ್ತು. ಬಹಳ ದಿನ ಹಾಗೇ ಇಟ್ಟ ಹಳೇ ಸಾರು ಚುಚ್ಚಿದಾಗ ಕೋಳಿಗಳು ಸ್ವಲ್ಪ ಮಂಕಾಗಿ ಆಮೇಲೆ ಎದ್ದು ಓಡಾಡಿದವು. ಅವಕ್ಕೇ ಮತ್ತೆ ಹೊಸ ಸಾರು ಚುಚ್ಚಿದರು. ಸಾಯಲಿಲ್ಲ. ಹಳೇ ಸಾರು ಪಡೆಯದ ಕೋಳಿಗಳಿಗೆ ಅದನ್ನೇ ಚುಚ್ಚಿದರೆ ಅವು ಸತ್ತವು. ಗಾಳಿಗೆ ಬಿಟ್ಟು ಹಳೆಯದಾದಷ್ಟೂ ರೋಗಾಣುವಿನ ಬಲ ಕುಗ್ಗುತ್ತದೆ, ಬಲ ಕುಗ್ಗಿದ್ದನ್ನು ಕೊಟ್ಟರೆ ಮೈ ಅದನ್ನು ಎದುರಿಸಲು ಕಲಿಯುತ್ತದೆ ಎಂದು ತಿಳಿಯಿತು. 1880ರಲ್ಲಿ ಇದನ್ನು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ತಿಳಿಸಿದರು.

ಜೆನ್ನರ್ ಅವರು 1796ರಲ್ಲೇ ಸಿಡುಬಿಗೆ ಹಸುವಿನ ಸಿಡುಬು ಹಾಕಿದ್ದರು. ಆದರೆ ಅದು ಪ್ರಕೃತಿಯಲ್ಲಿ ಇದ್ದದ್ದೇ. ಪ್ರಯೋಗಶಾಲೆಯಲ್ಲಿ ಬಲ ಕುಗ್ಗಿಸಿ ಮಾಡಿದ ಮೊದಲ ಲಸಿಕೆ ಮನುಷ್ಯರಿಗಲ್ಲ, ಕೋಳಿಗೆ! ರಜೆಯಲ್ಲಿ ಸಾರು ಮರೆತುಹೋಗಿ ಇದೆಲ್ಲಾ ಆಯಿತು ಎಂದು ಕಥೆ ಇದೆ. ಆದರೆ ಅವರ ನೋಟ್‌ಪುಸ್ತಕಗಳನ್ನು ಓದಿದವರು ಅಷ್ಟು ಸುಲಭವಾಗಿ ಆಗಲಿಲ್ಲ, ಶಿಷ್ಯ ಎಮಿಲ್ ರೂ ಜೊತೆ ತಿಂಗಳುಗಟ್ಟಲೆ ಕೆಲಸ ನಡೆಯಿತು ಎನ್ನುತ್ತಾರೆ. ನನಗೆ ಈ ಎರಡನೆಯದೇ ನಿಜ ಅನ್ನಿಸುತ್ತದೆ. ಪ್ರಯೋಗಕ್ಕೆ ಸತ್ತ ಕೋಳಿಗಳ ಬಗ್ಗೆ ಮಾತ್ರ ಪಾಪ ಅನ್ನಿಸಿತು.

ಮಾರನೇ ವರ್ಷ ಕುರಿಗಳಿಗೆ ಅಂತ್ರಾಕ್ಸ್ ಲಸಿಕೆ ಮಾಡಿದರು. 1885ರ ಜುಲೈ 6ರಂದು ಹುಚ್ಚುನಾಯಿ ಕಚ್ಚಿದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್‌ಗೆ ಲಸಿಕೆ ಕೊಡಿಸಿದರು, ಹುಡುಗ ಬದುಕಿದ. ಅದು ವೈರಸ್ ರೋಗ. ವೈರಸ್ಸು ಅವರ ಸೂಕ್ಷ್ಮದರ್ಶಕಕ್ಕೆ ಕಾಣುವಂಥದ್ದಲ್ಲ, ಆದರೂ ಲಸಿಕೆ ಮಾಡಿದರು. 1895ರ ಸೆಪ್ಟೆಂಬರ್ 28ರಂದು ನಿಧನರಾದರು.

ಅವರು ತೀರಿಕೊಂಡು ಮೂವತ್ತೆರಡು ವರ್ಷದ ನಂತರ, 1927ರಲ್ಲಿ, ಹಿಮಾಲಯದ ರಾಣಿಖೇತ್ ಊರಿನಲ್ಲಿ ಕೋಳಿಗಳು ಸತ್ತವು. ಅದಕ್ಕೇ ರೋಗಕ್ಕೆ ಆ ಹೆಸರು. ಹತ್ತಿರದ ಮುಕ್ತೇಶ್ವರದ ಪ್ರಯೋಗಶಾಲೆಯಲ್ಲಿ ಆ ವೈರಸ್ಸನ್ನು ಕೋಳಿಮೊಟ್ಟೆಯೊಳಗೆ ಮತ್ತೆ ಮತ್ತೆ ಬೆಳೆಸಿ ಬಲ ಕುಗ್ಗಿಸಿ 1940ರ ದಶಕದಲ್ಲಿ ಲಸಿಕೆ ಮಾಡಿದರು. ದಾರಿ ಪಾಶ್ಚರ್ ಅವರದೇ. ಎರಡು ತಿಂಗಳು ತುಂಬಿದ ಕೋಳಿಗೆ ರೆಕ್ಕೆ ಕೆಳಗೆ ಚುಚ್ಚುತ್ತಾರೆ. ಸಣ್ಣ ಮರಿಗೆ ಬೇರೆ ಲಸಿಕೆ, ಕಣ್ಣಿಗೋ ಮೂಗಿಗೋ ಒಂದು ಹನಿ.

ಒಂದು ತೊಂದರೆ ಇದೆ. ಡಾಕ್ಟರು ಹೇಳಿದ ಪ್ರಕಾರ ಒಂದು ಸೀಸೆಯಲ್ಲಿ ನೂರು ಕೋಳಿಗೆ ಆಗುವಷ್ಟು ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು, ಇಟ್ಟರೆ ಕೆಡುತ್ತದೆ. ನಮ್ಮ ಮೂರು ಕೋಳಿಗೆ ಸೀಸೆ ಒಡೆಯುವುದು ಹೇಗೆ? ಅದಕ್ಕೆ ನಾನೂ ನನ್ನ ಗೆಳತಿಯೂ ನಮ್ಮ ಬೀದಿ ಮನೆಮನೆಗೂ ಹೋಗಿ ಎಣಿಸಿದೆವು. ಅರವತ್ನಾಲ್ಕು ಆಗಿವೆ, ಇನ್ನು ಮೂವತ್ತಾರು ಬೇಕು. ಮೇಲಿನ ಬೀದಿಯವರು ಕೆಳಗೆ ಅಂಟಿಸಿರುವ ಹಾಳೆಯಲ್ಲಿ ಮನೆಯ ಹೆಸರು, ಕೋಳಿ ಎಷ್ಟು ಎಂದು ಶನಿವಾರದೊಳಗೆ ಬರೆಯಿರಿ. ಮಂಕಾಗಿರುವ ಕೋಳಿ ಲೆಕ್ಕಕ್ಕೆ ಬೇಡ, ಅವಕ್ಕೆ ಹಾಕುವುದಿಲ್ಲವಂತೆ.