ಎಸ್. ಆರ್. ರಾವ್

ಡಾ. ಶಿಕಾರಿಪುರ ರಂಗನಾಥ ರಾವ್ (ಜುಲೈ 1, 1922 – ಜನವರಿ 3, 2013) ಭಾರತದ ಪ್ರಸಿದ್ಧ ಪುರಾತತ್ತ್ವಜ್ಞರು. ಗುಜರಾತಿನ ಲೋಥಲ್‌ನಲ್ಲಿ ಹರಪ್ಪ ನಾಗರಿಕತೆಯ ಪಟ್ಟಣವನ್ನು ಬೆಳಕಿಗೆ ತಂದವರು ಹಾಗೂ ದ್ವಾರಕೆಯ ಸಮುದ್ರದಲ್ಲಿ ನಡೆದ ಶೋಧದ ನೇತೃತ್ವ ವಹಿಸಿದವರು ಎಂದು ಅವರು ಹೆಸರಾಗಿದ್ದಾರೆ. ಮುಳುಗಿದ ಬಂದರುಗಳನ್ನೂ ಹಡಗುಗಳ ಅವಶೇಷಗಳನ್ನೂ ಅಧ್ಯಯನ ಮಾಡುವ ಸಾಗರ ಪುರಾತತ್ತ್ವಶಾಸ್ತ್ರಕ್ಕೆ ಭಾರತದಲ್ಲಿ ಅಡಿಪಾಯ ಹಾಕಿದ ಕನ್ನಡಿಗರು ಇವರು.

ಜನನ ಮತ್ತು ವಿದ್ಯಾಭ್ಯಾಸ

ರಾಯರು ಶಿವಮೊಗ್ಗ ಜಿಲ್ಲೆಯ ಆನಂದಪುರದಲ್ಲಿ ಜನಿಸಿದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಶಿಕ್ಷಣ ಪಡೆದ ನಂತರ ಬರೋಡ ಸಂಸ್ಥಾನದ ಪುರಾತತ್ತ್ವ ಇಲಾಖೆಯಲ್ಲಿ ಸೇವೆಗೆ ಸೇರಿದರು. ಮುಂದೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಲ್ಲಿ ದೀರ್ಘಕಾಲ ದುಡಿದರು. ರಂಗಪುರ, ಅಮ್ರೇಲಿ, ಭಗತ್ರಾವ್, ಐಹೊಳೆ ಮೊದಲಾದ ಸ್ಥಳಗಳಲ್ಲಿ ಉತ್ಖನನ ನಡೆಸಿ, 1980ರಲ್ಲಿ ಇಲಾಖೆಯಿಂದ ನಿವೃತ್ತರಾದರು.

ಲೋಥಲ್ ಶೋಧ

1947ರ ದೇಶವಿಭಜನೆಯಿಂದ ಹರಪ್ಪ ಮತ್ತು ಮೊಹೆಂಜೊದಾರೊ ನೆಲೆಗಳು ಪಾಕಿಸ್ತಾನದ ಪಾಲಾದವು. ಆದ್ದರಿಂದ ಸಿಂಧೂ ನಾಗರಿಕತೆಯ ನೆಲೆಗಳನ್ನು ಭಾರತದೊಳಗೆ ಹುಡುಕುವುದು ಅಗತ್ಯವಾಯಿತು. ಈ ಹುಡುಕಾಟದಲ್ಲಿ ರಾಯರು 1954ರಲ್ಲಿ ಅಹಮದಾಬಾದ್ ಜಿಲ್ಲೆಯ ಸರಗವಾಲ ಗ್ರಾಮದ ಬಳಿ ಲೋಥಲ್ ದಿಬ್ಬವನ್ನು ಗುರುತಿಸಿದರು. ಅಲ್ಲಿನ ಉತ್ಖನನದಲ್ಲಿ ಸುಟ್ಟ ಇಟ್ಟಿಗೆಗಳಿಂದ ಕಟ್ಟಿದ, ಸುಮಾರು 215 ಮೀಟರ್ ಉದ್ದ ಮತ್ತು 35 ಮೀಟರ್ ಅಗಲದ ದೊಡ್ಡ ಜಲಾಶಯವೊಂದು ದೊರೆಯಿತು. ಇದು ಹಡಗುಕಟ್ಟೆಯೆಂದು ರಾಯರು ಪ್ರತಿಪಾದಿಸಿದರು. ಅದರ ಪಕ್ಕದ ಉಗ್ರಾಣ, ಮುದ್ರೆಯ ಅಚ್ಚುಗಳು, ಕಲ್ಲಿನ ಲಂಗರುಗಳು ಮತ್ತು ಪರ್ಷಿಯನ್ ಕೊಲ್ಲಿಯ ಶೈಲಿಯ ಒಂದು ಮುದ್ರೆ ಅವರ ವಾದಕ್ಕೆ ಆಧಾರವಾದವು. ಇದು ಹಡಗುಕಟ್ಟೆಯಲ್ಲ, ನೀರಾವರಿಯ ಕೆರೆ ಎಂದು ಲಾರೆನ್ಸ್ ಲೆಶ್ನಿಕ್ ಮೊದಲಾದ ವಿದ್ವಾಂಸರು ಆಕ್ಷೇಪಿಸಿದರು. ಈ ಚರ್ಚೆ ಇಂದಿಗೂ ಪೂರ್ಣವಾಗಿ ಮುಗಿದಿಲ್ಲ.

ಸಾಗರ ಪುರಾತತ್ತ್ವ

1943ರಲ್ಲಿ ಫ್ರಾನ್ಸಿನ ಜಾಕ್ ಕೂಸ್ಟೊ ಮತ್ತು ಎಮಿಲ್ ಗಾನ್ಯಾ ಅವರು ಆಕ್ವಾಲಂಗ್ ಎಂಬ ಉಸಿರಾಟದ ಉಪಕರಣವನ್ನು ರೂಪಿಸಿದರು. ಇದರಿಂದ ಮುಳುಗುಗಾರರು ಸಮುದ್ರತಳದಲ್ಲಿ ಸ್ವತಂತ್ರವಾಗಿ ಚಲಿಸಲು ಸಾಧ್ಯವಾಯಿತು. 1960ರಲ್ಲಿ ಜಾರ್ಜ್ ಬಾಸ್ ಅವರು ಟರ್ಕಿಯ ಗೆಲಿಡೋನ್ಯ ಭೂಶಿರದ ಬಳಿ ಕಂಚಿನ ಯುಗದ ನೌಕೆಯೊಂದನ್ನು ನೀರಿನಡಿಯಲ್ಲೇ ಶಾಸ್ತ್ರೀಯವಾಗಿ ಉತ್ಖನನ ಮಾಡಿದರು. ಭಾರತದಲ್ಲಿ ಅಂತಹ ವ್ಯವಸ್ಥೆ ಆಗ ಇರಲಿಲ್ಲ.

1979–80ರಲ್ಲಿ ದ್ವಾರಕಾಧೀಶ ದೇವಾಲಯದ ಮುಂಭಾಗದಲ್ಲಿ ನಡೆಸಿದ ಉತ್ಖನನದಲ್ಲಿ ರಾಯರಿಗೆ ಹಿಂದಿನ ದೇವಾಲಯಗಳ ಅವಶೇಷಗಳು ದೊರೆತವು. ಇದರಿಂದ ಪ್ರೇರಿತರಾಗಿ ಅವರು ಶೋಧವನ್ನು ಸಮುದ್ರಕ್ಕೆ ವಿಸ್ತರಿಸಲು ನಿರ್ಧರಿಸಿದರು. 1981ರಲ್ಲಿ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಲ್ಲಿ ಅವರ ನೇತೃತ್ವದಲ್ಲಿ ಸಾಗರ ಪುರಾತತ್ತ್ವ ಘಟಕ ಆರಂಭವಾಯಿತು. ಬಹುತೇಕರು ವಿಶ್ರಾಂತಿ ಬಯಸುವ ವಯಸ್ಸಿನಲ್ಲಿ ಅವರು ಹೊಸದೊಂದು ಶಾಸ್ತ್ರವನ್ನು ಕಟ್ಟಲು ಮುಂದಾದರು.

1983ರಿಂದ ದ್ವಾರಕೆ ಮತ್ತು ಬೇಟ್ ದ್ವಾರಕೆಗಳಲ್ಲಿ ನಡೆದ ಶೋಧದಲ್ಲಿ ಕಲ್ಲಿನ ರಚನೆಗಳು, ಮೂರು ರಂಧ್ರಗಳುಳ್ಳ ತ್ರಿಕೋನಾಕಾರದ ಲಂಗರುಗಳು ಹಾಗೂ ಶಂಖದಿಂದ ಮಾಡಿದ ಮುದ್ರೆಯೊಂದು ಸಿಕ್ಕವು. ಇವು ಮಹಾಭಾರತದಲ್ಲಿ ಹೇಳಿರುವ ದ್ವಾರಕೆಯ ಕುರುಹುಗಳೆಂದು ರಾಯರು ಅಭಿಪ್ರಾಯಪಟ್ಟರು. ಆದರೆ ಅದೇ ಸಂಸ್ಥೆಯ ಮುಂದಿನ ಸಂಶೋಧಕರು, ಸಮುದ್ರದೊಳಗಿನ ಅನೇಕ ರಚನೆಗಳು ಮತ್ತು ಲಂಗರುಗಳು ಬಹಳ ಈಚಿನ ಕಾಲದ ಬಂದರಿಗೆ ಸೇರಿದವು ಎಂದು ತರ್ಕಿಸಿದರು. ಕಲ್ಲಿನ ಲಂಗರಿನ ಕಾಲವನ್ನು ಅದರ ಆಕಾರವೊಂದರಿಂದಲೇ ನಿರ್ಧರಿಸುವುದು ಕಷ್ಟ. ಅಲ್ಲದೆ ಅಲೆಗಳ ಹೊಡೆತದಿಂದ ಮಣ್ಣಿನ ಪದರಗಳು ಕಲಸಿಹೋಗುತ್ತವೆ. ಕಾಲನಿರ್ಣಯ ವಿವಾದಾಸ್ಪದವಾಗಲು ಇವೇ ಮುಖ್ಯ ಕಾರಣಗಳು.

ತಮಿಳುನಾಡಿನ ಪೂಂಪುಹಾರ್ ಕಡಲಿನಲ್ಲಿಯೂ ರಾಯರ ತಂಡ ಶೋಧ ನಡೆಸಿತು. ಅಲ್ಲಿ ಸುಮಾರು 23 ಮೀಟರ್ ಆಳದಲ್ಲಿ ಕುದುರೆ ಲಾಳದ ಆಕಾರದ ರಚನೆಯೊಂದು ಕಂಡುಬಂದಿತು. ಅದೇ ಪ್ರದೇಶದಲ್ಲಿ ಮುಳುಗಿದ್ದ ಹಡಗೊಂದರಿಂದ 1791 ಮತ್ತು 1792ರ ಇಸವಿಗಳನ್ನು ಹೊತ್ತ ಸೀಸದ ಗಟ್ಟಿಗಳು ದೊರೆತವು. ಮುಂದೆ ಗೋವಾದ ಸುಂಚಿ ದಿಬ್ಬದ ಬಳಿ ಸಂಸ್ಥೆಯವರು ಪರಿಶೀಲಿಸಿದ ಹಡಗಿನ ಅವಶೇಷಗಳಲ್ಲಿ ಆನೆಯ ದಂತ, ನೀರುಕುದುರೆಯ ಹಲ್ಲು ಮತ್ತು ಚೀನಾದ ಪಿಂಗಾಣಿ ಇದ್ದವು.

ಕೃತಿಗಳು ಮತ್ತು ಮನ್ನಣೆ

ಲೋಥಲ್ ಮತ್ತು ಸಿಂಧೂ ನಾಗರಿಕತೆ (1973), ದ್ವಾರಕೆಯ ಶೋಧ ಹಾಗೂ ಸಾಗರ ಪುರಾತತ್ತ್ವ ಕುರಿತು ಅವರು ಇಂಗ್ಲಿಷಿನಲ್ಲಿ ಗ್ರಂಥಗಳನ್ನು ರಚಿಸಿದ್ದಾರೆ. ಸಿಂಧೂ ಲಿಪಿಯನ್ನು ಓದಿರುವುದಾಗಿ 1982ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವರು ಮಂಡಿಸಿದ ವಾದವನ್ನು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿಲ್ಲ. ಜವಾಹರಲಾಲ್ ನೆಹರು ಫೆಲೋಶಿಪ್, ವರ್ಲ್ಡ್ ಶಿಪ್ ಟ್ರಸ್ಟ್ ಪ್ರಶಸ್ತಿ ಹಾಗೂ ಮೈಸೂರು ವಿಶ್ವವಿದ್ಯಾನಿಲಯದ ಡಿ.ಲಿಟ್. ಪದವಿ ಅವರಿಗೆ ಸಂದಿವೆ.

ನಿಧನ ಮತ್ತು ಪರಂಪರೆ

ರಾಯರು 2013ರ ಜನವರಿ 3ರಂದು ಬೆಂಗಳೂರಿನಲ್ಲಿ ತಮ್ಮ 90ನೇ ವಯಸ್ಸಿನಲ್ಲಿ ನಿಧನರಾದರು. ದ್ವಾರಕೆಯಲ್ಲಿ ನೀರಿನೊಳಗೇ ವಸ್ತುಸಂಗ್ರಹಾಲಯ ಸ್ಥಾಪಿಸಬೇಕೆಂಬುದು ಅವರ ಪ್ರಸ್ತಾಪವಾಗಿತ್ತು. ಸರ್ವೇಕ್ಷಣ ಇಲಾಖೆಯು 2001ರಲ್ಲಿ ತನ್ನದೇ ಜಲಾಂತರ್ಗತ ಪುರಾತತ್ತ್ವ ವಿಭಾಗವನ್ನು ತೆರೆಯಿತು. ಮುಳುಗಿದ ಹಡಗಿನಿಂದ ವಸ್ತುವೊಂದನ್ನು ಕಿತ್ತು ತಂದರೆ ಅದು ಇದ್ದ ಸ್ಥಳ ಹೇಳಬಲ್ಲ ಇತಿಹಾಸವೂ ನಷ್ಟವಾಗುತ್ತದೆ. ಆದ್ದರಿಂದಲೇ ಅಂತಹ ಅವಶೇಷಗಳನ್ನು ದಾಖಲಿಸಿಯೇ ಮುಟ್ಟಬೇಕೆಂಬುದು ಈ ಶಾಸ್ತ್ರದ ಮೂಲ ನಿಯಮ. ರಾಯರ ನಿರ್ಣಯಗಳಲ್ಲಿ ಕೆಲವು ಪ್ರಶ್ನೆಗೊಳಗಾಗಿದ್ದರೂ, ಅವುಗಳನ್ನು ಪರೀಕ್ಷಿಸಬಲ್ಲ ಸಂಶೋಧಕರು ಬೆಳೆದದ್ದು ಅವರು ಕಟ್ಟಿದ ಘಟಕದಲ್ಲಿಯೇ.