ದಾನವೀರ ಮಾಣಿಕಚಂದ್ರ ಝವೇರಿ: ಮನೆತನವೂ ಮನೆಹೆಸರೂ

ದಿಗಂಬರ ಜೈನ ಸಮಾಜದಲ್ಲಿ ದಾನವೀರರೆಂದು ವಿಖ್ಯಾತರಾದ ಶ್ರೇಷ್ಠಿ ಮಾಣಿಕಚಂದ್ರ ಹೀರಾಚಂದ ಝವೇರಿಯವರು 1851ರಲ್ಲಿ ಸೂರತ್ ನಗರದಲ್ಲಿ ಜನಿಸಿದರು. ಅವರ ಮನೆತನದ ಮೂಲನೆಲೆ ಸೂರತ್ ಅಲ್ಲ, ಮೇವಾಡದ ಭೀಂಡರ. ಹೂಮಡ ಜ್ಞಾತಿಗೆ ಸೇರಿದ ಪಿತಾಮಹ ಗುಮಾನಜಿಯವರು ವ್ಯಾಪಾರಾರ್ಥವಾಗಿ ಆ ಊರನ್ನು ತೊರೆದು ಸೂರತ್ತಿನಲ್ಲಿ ನೆಲೆಸಿದರು. ಅವರ ಪುತ್ರರೇ ಹೀರಾಚಂದರು.

‘ಝವೇರಿ’ ಎಂಬುದು ಭೀಂಡರದಿಂದ ಬಂದ ಹೆಸರಲ್ಲ. ರತ್ನವೆಂಬ ಅರ್ಥದ ‘ಜೌಹರ್’ ಶಬ್ದದಿಂದ ‘ಜೌಹರಿ’ ಎಂದಾಗಿ, ಗುಜರಾತಿ ಜನರ ನಾಲಗೆಯಲ್ಲಿ ಅದು ‘ಝವೇರಿ’ ಎಂದು ರೂಢಿಗೊಂಡಿತು. ಕನ್ನಡ ನಾಡಿನಲ್ಲಿ ಹೆಗ್ಗಡೆ, ಶೆಟ್ಟಿ ಎಂಬ ಹೆಸರುಗಳು ಅಧಿಕಾರ ಹಾಗೂ ವೃತ್ತಿಗಳಿಂದ ಬಂದಂತೆ ಇದೂ ಕಸುಬಿನಿಂದ ಬಂದ ಹೆಸರು. ಬಾಲ್ಯದಲ್ಲಿಯೇ ಮುಂಬಯಿಗೆ ಬಂದ ಮಾಣಿಕಚಂದ್ರರು ಸಹೋದರರೊಡನೆ ಮುತ್ತು ಪೋಣಿಸುವ ಕೆಲಸದಿಂದ ಆರಂಭಿಸಿ, ಮುತ್ತುಗಳ ಗುಣದೋಷಗಳನ್ನು ಅರಿತು, ಮಾಣಿಕಚಂದ ಪಾನಾಚಂದ ಎಂಬ ಹೆಸರಾಂತ ಪೇಢಿಯನ್ನು ಕಟ್ಟಿದರು. ಆ ಮನೆಹೆಸರು ಅವರಿಗೆ ಪಿತ್ರಾರ್ಜಿತವಾಗಿ ದೊರೆತದ್ದಕ್ಕಿಂತ ದುಡಿಮೆಯಿಂದ ಸಾರ್ಥಕವಾದದ್ದು.

1883ರಲ್ಲಿ ಅವರು ಯಾತ್ರಾಸಂಘದೊಡನೆ ಮೂಡಬಿದಿರೆಗೆ ಬಂದರು. ಅಲ್ಲಿಯ ರತ್ನಮಯ ಜಿನಬಿಂಬಗಳ ದರ್ಶನ ಮಾಡಿದರು. ಝವೇರಿಯೊಬ್ಬನ ಕಣ್ಣು ಆ ಬಿಂಬಗಳಲ್ಲಿಯೇ ನೆಟ್ಟಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇರುತ್ತಿರಲಿಲ್ಲ. ಆದರೆ ಅವರ ಮನಸ್ಸು ಕದಡಿದುದು ಧವಲಾದಿ ಸಿದ್ಧಾಂತ ಗ್ರಂಥಗಳ ತಾಳೆಯೋಲೆಗಳನ್ನು ಕಂಡು. ಓಲೆಗಳು ಜೀರ್ಣವಾಗುತ್ತಿದ್ದವು. ಹಳಗನ್ನಡ ಲಿಪಿಯ ಆ ಗ್ರಂಥಗಳಿಗೆ ದರ್ಶನ, ಪೂಜೆ ನಡೆಯುತ್ತಿತ್ತೇ ಹೊರತು ಪಠನ ನಡೆಯುತ್ತಿರಲಿಲ್ಲ. ಓದಬಲ್ಲವರಾರೆಂದು ಅವರು ವಿಚಾರಿಸಿದಾಗ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳ ಹೆಸರು ತಿಳಿಯಿತು.

ಮುಂಬಯಿಗೆ ಮರಳಿದೊಡನೆ ಸೊಲ್ಲಾಪುರದ ಮಿತ್ರ ಹೀರಾಚಂದ ನೇಮಚಂದ ದೋಶಿಯವರಿಗೆ ಅವರು ಈ ವಿಷಯವನ್ನು ತಿಳಿಸಿದರು. ಮುತ್ತಿನಂಗಡಿಯ ಒಡೆಯರೊಬ್ಬರು, ಬಟ್ಟೆ ವ್ಯಾಪಾರವನ್ನು ಸೂಚಿಸುವ ‘ದೋಶಿ’ ಹೆಸರಿನ ಮತ್ತೊಬ್ಬರು ಸೇರಿ ಕರ್ಣಾಟಕದ ಓಲೆಗಳಿಗಾಗಿ ಚಿಂತಿಸಿದುದು ನೆನೆಯತಕ್ಕ ಸಂಗತಿ. ಆದರೂ ಪ್ರತಿ ಮಾಡುವ ಕಾರ್ಯಕ್ಕೆ ವ್ಯವಸ್ಥೆಯಾಗಲು ಹನ್ನೆರಡು ವರ್ಷಗಳಿಗೂ ಮೀರಿ ಕಾಯಬೇಕಾಯಿತು. 1896ರ ಸುಮಾರಿಗೆ ಬ್ರಹ್ಮಸೂರಿ ಶಾಸ್ತ್ರಿಗಳೂ ಮಿರಜಿನ ಗಜಪತಿ ಉಪಾಧ್ಯಾಯರೂ ಬರವಣಿಗೆಗೆ ತೊಡಗಿದರು. ಶಾಸ್ತ್ರಿಗಳು ನಡುವೆಯೇ ಸ್ವರ್ಗಸ್ಥರಾದರು. ಉಪಾಧ್ಯಾಯರು ಮುಂದುವರಿಸಿದ ಈ ಕಾರ್ಯವು ಸುಮಾರು 16 ವರ್ಷ ನಡೆಯಿತು.

ಪ್ರತಿಗಳು ಮೂಡಬಿದಿರೆಯಿಂದ ಹೊರಗೆ ಹೋಗಕೂಡದೆಂಬ ಕಟ್ಟು ಇತ್ತು. ಗಜಪತಿ ಉಪಾಧ್ಯಾಯರು ಗುಪ್ತವಾಗಿ ಇನ್ನೊಂದು ಪ್ರತಿಯನ್ನು ಸಿದ್ಧಪಡಿಸಿ ಸೊಲ್ಲಾಪುರಕ್ಕೆ ಒಯ್ದಾಗ ಹೀರಾಚಂದರು ಅದನ್ನು ಕೊಳ್ಳಲೊಪ್ಪಲಿಲ್ಲ. ಕೊಳ್ಳಬಾರದೆಂದು ಮಾಣಿಕಚಂದ್ರರಿಗೂ ಬರೆದರು. ಯಾವ ಗ್ರಂಥಕ್ಕಾಗಿ ಇಷ್ಟು ವರ್ಷ ಹಂಬಲಿಸಿದ್ದರೋ ಅದು ಕೈಗೆಟುಕುವಂತಿದ್ದರೂ ಕೊಟ್ಟ ಮಾತಿನ ಮುಂದೆ ಅದನ್ನು ಬಿಟ್ಟುಕೊಡಬೇಕಾಯಿತು. ಆ ಪ್ರತಿ ಸಹಾರನಪುರವನ್ನು ಸೇರಿತು. ಧವಲೆಯ ಪ್ರಥಮ ಸಂಪುಟ ಅಮರಾವತಿಯಲ್ಲಿ ಮುದ್ರಿತವಾದುದು 1939ರಲ್ಲಿ. ಅದನ್ನು ಕಾಣುವ ಭಾಗ್ಯ ಮಾಣಿಕಚಂದ್ರರಿಗೆ ಇರಲಿಲ್ಲ.

ತೀರ್ಥಕ್ಷೇತ್ರಗಳ ರಕ್ಷಣೆಗಾಗಿ 1902ರಲ್ಲಿ ಸ್ಥಾಪಿತವಾದ ಭಾರತವರ್ಷೀಯ ದಿಗಂಬರ ಜೈನ ತೀರ್ಥಕ್ಷೇತ್ರ ಕಮಿಟಿಯಲ್ಲಿಯೂ, ವಿದ್ಯಾರ್ಥಿಗಳ ಬೋರ್ಡಿಂಗುಗಳಲ್ಲಿಯೂ ಅವರ ಶ್ರಮ, ದ್ರವ್ಯ ಎರಡೂ ಸೇರಿವೆ. ಪುತ್ರಿ ಮಗನಬಾಯಿಯವರು ಅಕಾಲದಲ್ಲಿ ವಿಧವೆಯಾದಾಗ ಅವರು ಮಗಳನ್ನು ಮೂಲೆಯಲ್ಲಿ ಕೂರಿಸದೆ ಓದಿಸಿದರು. ಆಕೆ ಶ್ರಾವಿಕಾಶ್ರಮವನ್ನು ನಡೆಸಿದರು.

ಮುಂಬಯಿಯ ವಿದ್ಯಾರ್ಥಿನಿಲಯಕ್ಕೆ ಅವರು ಹೀರಾಚಂದ ಗುಮಾನಜಿ ಎಂದು ಹೆಸರಿಟ್ಟರು. ತಂದೆಯ ಹೆಸರು, ಅದರೊಡನೆ ಭೀಂಡರವನ್ನು ಬಿಟ್ಟುಬಂದ ಅಜ್ಜನ ಹೆಸರು. ಝವೇರಿ ಎಂಬ ಮಾತು ಅಲ್ಲಿಲ್ಲ. 1914ರಲ್ಲಿ ಅವರು ದಿವಂಗತರಾದ ಬಳಿಕ ಅವರ ಸ್ಮರಣಾರ್ಥ ಆರಂಭವಾದ ಮಾಣಿಕಚಂದ್ರ ದಿಗಂಬರ ಜೈನ ಗ್ರಂಥಮಾಲೆಯ ಹೆಸರಿನಲ್ಲಿಯೂ ಅದಿಲ್ಲ. ಶ್ರವಣಬೆಳಗೊಳದ ಶಾಸನಗಳನ್ನೊಳಗೊಂಡ ಜೈನ ಶಿಲಾಲೇಖ ಸಂಗ್ರಹದ ಮೊದಲ ಭಾಗ 1928ರಲ್ಲಿ ಆ ಮಾಲೆಯಲ್ಲಿಯೇ ಪ್ರಕಟವಾಯಿತು.